ನಾನು ಕಳೆದ ಎರಡೂವರೆ ಗಂಟೆ

ಇಂಥ ಬರಹಗಳನ್ನು ನಾನು ನಂಬುತ್ತಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಊರಿನ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದಾಗ ಓದುಗರ ವಿಚಿತ್ರ ಅನುಭವಗಳ ಅಂಕಣ ನನ್ನ ಮೇಜಿಗೇ ಬರುತ್ತಿತ್ತು. ತೀರಿಹೋದ ಅತ್ತೆ ಬಾಗಿಲು ತಟ್ಟಿದ್ದು, ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದ್ದು. ಓದಿ, ಅಂಚಿನಲ್ಲಿ ಕೆಂಪು ಪೆನ್ನಿನಿಂದ ಎರಡು ಪದ ಬರೆದು ವಾಪಸು ಕಳಿಸುತ್ತಿದ್ದೆ: ಸಮಯ? ಸಾಕ್ಷಿ? ಹೆಚ್ಚಿನವು ಮತ್ತೆ ಬರುತ್ತಿರಲಿಲ್ಲ.

ಈಗ ಬರೆಯಲು ಕೂತಿರುವುದಕ್ಕೆ ನನ್ನ ಬಳಿ ಸಮಯ ಇದೆ, ನಿಮಿಷದ ಮಟ್ಟಿಗೆ ಇದೆ. ಸಾಕ್ಷಿ ಇಲ್ಲ. ಅಂದು ನಾನೇ ಇದನ್ನು ತಿರಸ್ಕರಿಸುತ್ತಿದ್ದೆ. ಆದರೂ ಬರೆಯುತ್ತಿದ್ದೇನೆ. ಇದರಲ್ಲಿ ವಿಚಿತ್ರ ಎನ್ನಬಹುದಾದ ಭಾಗ ಚಿಕ್ಕದು, ನನ್ನ ತಪ್ಪಿನ ಭಾಗ ದೊಡ್ಡದು, ಮತ್ತು ಎರಡನ್ನೂ ಬೇರ್ಪಡಿಸಿ ಹೇಳುವುದು ನನಗೆ ಸಾಧ್ಯವಾಗಿಲ್ಲ.

ಬಹರೈನಿಗೆ ಬಂದ ಮೇಲೆ ಇಲ್ಲಿನ ಒಂದು ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ. ಮನೆ ಸನದ್‌ನಲ್ಲಿ. ಶುಕ್ರವಾರ ರಜೆ, ಮತ್ತು ಶುಕ್ರವಾರದ ಊಟ ಬಹುಮಟ್ಟಿಗೆ ಮೀನಾ ಸಲ್ಮಾನ್‌ನಲ್ಲಿ, ಸಂಜೀವಣ್ಣನ ರೂಮಿನಲ್ಲಿ. ಸಂಜೀವಣ್ಣ ನಮ್ಮ ತಾಲೂಕಿನವರು. ಹಡಗಿನ ಬಿಡಿಭಾಗ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಲೇತ್ ಮಶೀನಿನ ಮುಂದೆ ಹದಿನೆಂಟು ವರ್ಷ ನಿಂತವರು. ರೂಮಿನಲ್ಲಿ ಅವರ ಜೊತೆ ಹನೀಫ್, ಉಳ್ಳಾಲದ ಬ್ಯಾರಿ ಹುಡುಗ. ಹುಡುಗ ಎಂದರೆ ನಲವತ್ತು ದಾಟಿದವನೇ, ಅದೇ ವರ್ಕ್‌ಶಾಪಿನ ಪಿಕಪ್ ಓಡಿಸುವವನು. ಸಂಜೀವಣ್ಣ ಬಂಗುಡೆ ಸಾರು ಮಾಡುತ್ತಿದ್ದರು, ಹನೀಫ್ ಅದಕ್ಕೆ ಕೊಂಕು ಹುಡುಕುತ್ತಿದ್ದ. ನಾನು ತಿನ್ನುತ್ತಿದ್ದೆ.

ಆ ರೂಮಿನ ವಿಶೇಷ ಅದರ ಗೋಡೆ ಗಡಿಯಾರ. ಅದು ಊರಿನ ಸಮಯ ತೋರಿಸುತ್ತಿತ್ತು. ಭಾರತದ ಗಂಟೆ ಇಲ್ಲಿಗಿಂತ ಎರಡೂವರೆ ಗಂಟೆ ಮುಂದೆ. ಸಂಜೀವಣ್ಣನ ಮಗಳು ಹೈಸ್ಕೂಲಿಗೆ ಸೇರಿದ ವರ್ಷ, ಅವಳನ್ನು ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಓದಲು ಎಬ್ಬಿಸುವ ಹೊಣೆಯನ್ನು ಅವರು ಇಲ್ಲಿಂದಲೇ ಹೊತ್ತುಕೊಂಡಿದ್ದರು. ಊರಿನ ಐದು ಎಂದರೆ ಇಲ್ಲಿ ಎರಡೂವರೆ. ಎದ್ದು, ಫೋನ್ ಮಾಡಿ, "ಎದ್ದಿಯಾ? ದೀಪ ಹಾಕಿದಿಯಾ? ಮುಖ ತೊಳೆ" ಎಂದು ಹೇಳಿ ಮತ್ತೆ ಮಲಗುತ್ತಿದ್ದರು. ತಲೆಯಲ್ಲಿ ಕೂಡಿಸಿ ಕಳೆಯುವ ತೊಂದರೆ ಬೇಡವೆಂದು ಗಡಿಯಾರವನ್ನೇ ಊರಿಗೆ ತಿರುಗಿಸಿಟ್ಟಿದ್ದರು.

"ಈ ರೂಮಲ್ಲಿ ನಮ್ಗೆ ಎರಡೂವರೆ ಗಂಟೆ ಬೇಗ ವಯಸ್ಸಾಗ್ತದೆ ಸಾರ್" ಎಂದು ಹನೀಫ್ ನನ್ನೆದುರು ದೂರುತ್ತಿದ್ದ. "ಹಸಿವೂ ಬೇಗ ಆಗ್ತದೆ. ಇವರ ಅಡುಗೆ ಮಾತ್ರ ಬಹರೈನ್ ಟೈಮಿಗೇ."

"ನೀನು ಎರಡೂ ಟೈಮಿಗೆ ತಿಂತಿಯಲ್ಲ ಮಾರಾಯ, ಸುಮ್ಮನಿರು" ಎನ್ನುತ್ತಿದ್ದರು ಸಂಜೀವಣ್ಣ. ಮಾತು ಶುರು ಮಾಡುವ ಮುಂಚೆ ಅವರು ಒಮ್ಮೆ ಸಣ್ಣಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಲೇತ್ ಮಶೀನಿನ ಧೂಳಿನಿಂದ ಬಂದದ್ದೋ ಏನೋ.

ಆ ಗಡಿಯಾರದ ಬಗ್ಗೆ ನಾನು ಊರಿನ ಪತ್ರಿಕೆಯ ಭಾನುವಾರದ ಪುರವಣಿಗೆ ಒಂದು ಲೇಖನ ಬರೆದಿದ್ದೆ. ಚೆನ್ನಾಗಿ ಬಂದಿತ್ತು, ಹಲವರು ಮೆಚ್ಚಿ ಸಂದೇಶ ಕಳಿಸಿದ್ದರು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಒಂದು ಸಂಗತಿಯನ್ನು ನಾವೇ ಬರೆದು ಅಚ್ಚಾಗಿಸಿದ ಮೇಲೆ ಅದನ್ನು ಮತ್ತೆ ಪರೀಕ್ಷಿಸುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಒಂದು ಶುಕ್ರವಾರ, ಮಧ್ಯಾಹ್ನ ಹನ್ನೆರಡು ಇಪ್ಪತ್ತೈದಕ್ಕೆ, ನಾನು ಊಟಕ್ಕೆಂದು ಮನೆಯಿಂದ ಹೊರಡುವ ಹೊತ್ತಿಗೆ ಹನೀಫ್ ಫೋನ್ ಮಾಡಿದ.

"ಸಾರ್, ನೀವು ಸೀದಾ ಆಸ್ಪತ್ರೆಗೆ ಬನ್ನಿ. ಸಂಜೀವಣ್ಣನಿಗೆ ಎಂತದೋ ಆಗಿದೆ. ಕುರ್ಚಿಯ ಹತ್ರ ಬಿದ್ದಿದ್ರು. ಬಾಯಿ ಒಂದು ಬದಿಗೆ ಹೋಗಿದೆ, ಮಾತೇ ಬರುದಿಲ್ಲ. ನಾನು ಪಿಕಪ್‌ನಲ್ಲಿ ಹಾಕಿ ತರ್ತಾ ಇದ್ದೇನೆ."

ಹನ್ನೆರಡು ಐವತ್ತಕ್ಕೆ ನಾವಿಬ್ಬರೂ ತುರ್ತು ವಿಭಾಗದ ಬಾಗಿಲಲ್ಲಿದ್ದೆವು. ಸಂಜೀವಣ್ಣ ಸ್ಟ್ರೆಚರಿನ ಮೇಲೆ ಮಲಗಿದ್ದರು. ಬಲಗೈ ಬಟ್ಟೆಯಂತೆ ಕೆಳಗೆ ಜೋತಿತ್ತು. ಕಣ್ಣು ನನ್ನನ್ನು ನೋಡಿತು, ಗುರುತಿಸಿತು ಎಂದೇ ನನಗೆ ಅನಿಸಿತು. ಬಾಯಿಂದ ಒಂದು ಅಕ್ಷರವೂ ಬರಲಿಲ್ಲ. ಕೌಂಟರಿನಲ್ಲಿ ಅವರ ಸಿಪಿಆರ್ ಕಾರ್ಡ್, ಅಂದರೆ ಇಲ್ಲಿನ ಗುರುತಿನ ಚೀಟಿ, ಕೇಳಿದರು, ಅವಸರದಲ್ಲಿ ಅದು ರೂಮಿನಲ್ಲೇ ಉಳಿದಿತ್ತು. ತರಲು ಓಡುತ್ತಿದ್ದ ಹನೀಫನನ್ನು ನಾನು ತಡೆದು ಕೇಳಿದೆ:

"ಕೊನೆಗೆ ಸರಿ ಇದ್ದದ್ದು ಯಾವಾಗ ನೋಡಿದ್ದು?"

"ಹತ್ತೂವರೆಗೆ ಸಾರ್. ಚಾ ಕುಡಿದು ಆರಾಮಾಗಿ ಮಾತಾಡ್ತಾ ಇದ್ರು. ಆಮೇಲೆ ನಾನು ಹೋದದ್ದು. ಜುಮ್ಮಾ ಮುಗಿಸಿ ಬಂದು ನೋಡಿದ್ರೆ ಹೀಗೆ."

"ಹತ್ತೂವರೆ ಗೋಡೆ ಗಡಿಯಾರದಲ್ಲಾ?"

"ಹೌದು ಸಾರ್, ಗೋಡೆದ್ರಲ್ಲೇ. ನಾನೇ ನೋಡಿದ್ದು." ಹೇಳುತ್ತಲೇ ಅವನು ಓಡಿದ.

ಕರ್ತವ್ಯದಲ್ಲಿದ್ದ ವೈದ್ಯೆ ಇಲ್ಲಿನವರೇ, ಮೂವತ್ತೈದರ ಆಸುಪಾಸಿನವರು. ಅವರು ಇಂಗ್ಲಿಷಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದೇ ಆಗಿತ್ತು: ರೋಗಿ ಸರಿಯಾಗಿದ್ದದ್ದನ್ನು ಕೊನೆಯ ಬಾರಿ ನೋಡಿದ್ದು ಎಷ್ಟು ಗಂಟೆಗೆ? ನಾನು ಪತ್ರಿಕೆಯವನು. ಒಬ್ಬರು ಹೇಳಿದ್ದನ್ನು ಹಾಗೆಯೇ ದಾಟಿಸುವವನಲ್ಲ, ತಿದ್ದಿ ಕೊಡುವವನು. ಗೋಡೆ ಗಡಿಯಾರದ ಹತ್ತೂವರೆಯಿಂದ ಎರಡೂವರೆ ಕಳೆದೆ.

"ಎಂಟು ಗಂಟೆಗೆ" ಎಂದೆ.

ಆ ಕ್ಷಣದಲ್ಲಿ ನನಗೆ ಒಳಗೊಳಗೇ ಒಂದು ಸಮಾಧಾನವೂ ಆಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಬೇರೆ ಯಾರಾದರೂ ಇದ್ದಿದ್ದರೆ ಹತ್ತೂವರೆ ಎಂದೇ ಹೇಳಿ ವೈದ್ಯರನ್ನು ದಾರಿ ತಪ್ಪಿಸುತ್ತಿದ್ದರು ಎಂದುಕೊಂಡೆ.

ಸ್ಟ್ರೆಚರಿನ ಜೊತೆ ನಡೆಯುತ್ತಲೇ ವೈದ್ಯೆ ನನಗೆ ವಿವರಿಸಿದರು. ಮೆದುಳಿನ ಆಘಾತ ಎರಡು ಬಗೆ, ರಕ್ತನಾಳ ಒಡೆದದ್ದು ಅಥವಾ ಕಟ್ಟಿಕೊಂಡದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಇರುತ್ತವೆ. ಸಿಟಿ ಸ್ಕ್ಯಾನ್ ಮಾಡಿದರೆ ಒಂದೆರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಒಡೆದಿದ್ದರೆ ರಕ್ತ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಕಟ್ಟಿಕೊಂಡದ್ದಾದರೆ ಅದನ್ನು ಕರಗಿಸುವ ಮದ್ದು ಇದೆ. ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತಡವಾಗಿ ಕೊಟ್ಟರೆ ಆ ಮದ್ದಿನಿಂದಲೇ ರಕ್ತಸ್ರಾವವಾಗುವ ಅಪಾಯ ಹೆಚ್ಚು.

ಎಂಟರಿಂದ ಲೆಕ್ಕ ಹಾಕಿದರೆ ಆಗಲೇ ಐದು ಗಂಟೆ ಹತ್ತಿರವಾಗಿತ್ತು. ಅವರ ಮುಖ ನೋಡಿ ನನಗೂ ಅದು ತಿಳಿಯಿತು.

ಸ್ಕ್ಯಾನಿನ ತಂತ್ರಜ್ಞ ಫಿಲಿಪೀನ್ಸಿನವನು. ಸಂಜೀವಣ್ಣ ತಲೆ ಅಲ್ಲಾಡಿಸುತ್ತಲೇ ಇದ್ದರು, ಇಂಗ್ಲಿಷಿನಲ್ಲಿ ಹೇಳಿದರೂ ಹಿಂದಿಯಲ್ಲಿ ಹೇಳಿದರೂ ನಿಲ್ಲಿಸಲಿಲ್ಲ. ಅವರ ಮನೆಮಾತಿನಲ್ಲಿ ಹೇಳಿ ನೋಡಿ ಎಂದು ಅವನು ನನ್ನನ್ನು ನಿಯಂತ್ರಣ ಕೋಣೆಗೆ ಕರೆದ. ದಪ್ಪ ಗಾಜಿನ ಆಚೆ ಯಂತ್ರದ ದೊಡ್ಡ ಬಳೆಯಂಥ ಬಾಯಿ, ಅದರೊಳಗೆ ಸಂಜೀವಣ್ಣನ ತಲೆ. ನಮಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಮೇಜಿನ ಮೇಲೆ ಒಂದು ಮೈಕು, ಒಂದು ಪುಟ್ಟ ಸ್ಪೀಕರು. ಗುಂಡಿ ಒತ್ತಿ ಹಿಡಿದರೆ ನಮ್ಮ ಮಾತು ಒಳಗೆ ಹೋಗುತ್ತದೆ.

ನಾನು ಗುಂಡಿ ಒತ್ತಿ, ತಲೆ ಅಲ್ಲಾಡಿಸಬೇಡಿ ಎಂದು ತುಳುವಿನಲ್ಲಿ ಹೇಳಿದೆ: "ಸಂಜೀವಣ್ಣ, ತರೆ ಅಲ್ಲಾಡಾವೊಡ್ಚಿ. ಒಂಜೇ ನಿಮಿಷ."

ಕಾಲುಗಳು ನಿಶ್ಚಲವಾದವು. ತಂತ್ರಜ್ಞ ಹೆಬ್ಬೆರಳು ಎತ್ತಿ ತೋರಿಸಿ ತನ್ನ ಪರದೆಯ ಕಡೆ ತಿರುಗಿದ. ಯಂತ್ರ ತಿರುಗುವ ಸದ್ದು ಶುರುವಾಯಿತು. ನಾನು ಗುಂಡಿಯಿಂದ ಬೆರಳು ತೆಗೆದೆ.

ಆಗ ಸ್ಪೀಕರಿನಿಂದ ಆ ಸಣ್ಣ ಗಂಟಲು ಸರಿಮಾಡಿಕೊಳ್ಳುವ ಸದ್ದು ಬಂತು. ಅದರ ಹಿಂದೆಯೇ ಸಂಜೀವಣ್ಣನ ದನಿ.

"ಗಡಿಯಾರ ಇನಿ ಸರಿ ಮಲ್ತೆ."

ಗಡಿಯಾರ ಇವತ್ತು ಸರಿ ಮಾಡಿದೆ. ಅಷ್ಟೇ. ತೊದಲು ಇರಲಿಲ್ಲ, ನೋವು ಇರಲಿಲ್ಲ, ದೂರದಿಂದ ಬಂದಂತೆಯೂ ಇರಲಿಲ್ಲ. ಶುಕ್ರವಾರ ಊಟಕ್ಕೆ ಕೂತಾಗ, ವಾರದಲ್ಲಿ ಮಾಡಿ ಮುಗಿಸಿದ ಕೆಲಸಗಳನ್ನು ಒಂದೊಂದಾಗಿ ಹೇಳುತ್ತಿದ್ದ ಅದೇ ದನಿ.

ನಾನು ತಂತ್ರಜ್ಞನ ಮುಖ ನೋಡಿದೆ. ಅವನು ಪರದೆಯ ಮೇಲೆ ಕಣ್ಣಿಟ್ಟು ಏನೋ ಟೈಪ್ ಮಾಡುತ್ತಿದ್ದ.

"ಅವರು ಮಾತಾಡಿದರಲ್ಲ?" ಎಂದೆ.

"ಯಾರು?" ಎಂದ ಅವನು, ತಿರುಗದೆಯೇ.

ಮುಂದಿನ ಎರಡು ಮೂರು ನಿಮಿಷಗಳಲ್ಲಿ ನನ್ನ ತಲೆಯಲ್ಲಿ ನಡೆದದ್ದನ್ನು ಆದಷ್ಟು ಪ್ರಾಮಾಣಿಕವಾಗಿ ಬರೆಯಲು ನೋಡುತ್ತೇನೆ. ಮೊದಲು, ಮಾತು ಬಂತಲ್ಲ ಎಂಬ ಸಂತೋಷ. ಅದರ ಬೆನ್ನಿಗೇ ಅನುಮಾನ. ಮಾತು ಬಂದಿದ್ದರೆ ಪಕ್ಕದಲ್ಲೇ ಕೂತವನಿಗೂ ಕೇಳಬೇಕಿತ್ತು. ಆಮೇಲೆ, ಕೇಳಿದ್ದೇ ನಿಜವಾದರೂ ಇದು ಪ್ರಲಾಪ ಎಂಬ ತೀರ್ಮಾನ. ಹದಿನೆಂಟು ವರ್ಷ ಯಂತ್ರ ಸರಿ ಮಾಡಿದ ಮನುಷ್ಯ ಯಂತ್ರದೊಳಗೆ ಮಲಗಿ ಇನ್ನೊಂದು ಯಂತ್ರ ಸರಿ ಮಾಡಿದೆ ಎನ್ನುತ್ತಿದ್ದಾನೆ. ಸರಿ ಮಾಡಿದೆ ಎಂದರೆ ರಿಪೇರಿ ಮಾಡಿದೆ ಎಂದೇ ನಾನು ತಿಳಿದದ್ದು. ಗಡಿಯಾರ ಸರಿ ಮಾಡುವುದು ಎಂದರೆ ಮುಳ್ಳು ತಿರುಗಿಸಿ ಸಮಯ ಸರಿಪಡಿಸುವುದೂ ಆಗುತ್ತದೆ, ಅದು ಹೊಳೆಯಲಿಲ್ಲ. ಪದಗಳ ಅರ್ಥ ನೋಡುವುದೇ ನನ್ನ ಕಸುಬು, ಆದರೂ ಹೊಳೆಯಲಿಲ್ಲ.

ಅಥವಾ ಹೊಳೆದಿತ್ತೇ? ಇದಕ್ಕೆ ಮತ್ತೆ ಬರುತ್ತೇನೆ.

ಚಿತ್ರಗಳು ಬಂದವು. ವೈದ್ಯೆ ಪರದೆಯ ಮುಂದೆ ಬಾಗಿ ಒಂದೊಂದೇ ಪದರ ಇಳಿಸಿ ನೋಡಿದರು. ರಕ್ತಸ್ರಾವ ಇಲ್ಲ. ನಾಳಕ್ಕೆ ಬಣ್ಣದ ದ್ರವ ಬಿಟ್ಟು ಮತ್ತೊಂದು ಬಾರಿ ತೆಗೆದರು. ದೊಡ್ಡ ರಕ್ತನಾಳಗಳು ತೆರೆದೇ ಇವೆ, ಕೊಳವೆ ತೂರಿಸಿ ಅಡಚಣೆ ತೆಗೆಯುವ ಚಿಕಿತ್ಸೆ ಇವರಿಗೆ ಅಲ್ಲ ಎಂದರು. ಉಳಿದದ್ದು ಮದ್ದು ಮಾತ್ರ. ಅವರು ಮೊದಲ ಚಿತ್ರಕ್ಕೆ ಮರಳಿ ಎಡಭಾಗವನ್ನು ಬಹಳ ಹೊತ್ತು ನೋಡಿದರು.

"ಆಘಾತವಾಗಿ ಐದು ಗಂಟೆ ಕಳೆದ ಮೆದುಳಿಗೆ ಇದು ಸ್ವಲ್ಪ ಹೆಚ್ಚೇ ಶುಭ್ರವಾಗಿದೆ, ಹಾನಿಯ ಗುರುತೇ ಕಾಣುತ್ತಿಲ್ಲ" ಎಂದರು. "ಹಾಗಿರಲೂಬಹುದು. ಆದರೆ ಕೇಳುತ್ತೇನೆ, ನಿಮಗೆ ಸಮಯ ಖಚಿತವೇ? ನೋಡಿದವರು ಇಲ್ಲಿದ್ದಾರೆಯೇ? ಅವರಿಗೆ ಫೋನ್ ಮಾಡಲು ಆಗುತ್ತದೆಯೇ?"

ಫೋನು ನನ್ನ ಕೈಯಲ್ಲೇ ಇತ್ತು. ಹನೀಫನ ಹೆಸರು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿತ್ತು.

"ಅವನು ಹೇಳಿದ್ದು ಹತ್ತೂವರೆ" ಎಂದೆ. "ಆದರೆ ಅದು ಭಾರತದ ಸಮಯ. ಅವರ ರೂಮಿನ ಗಡಿಯಾರ ಹಾಗೆ. ನನಗೆ ಅದು ಖಚಿತವಾಗಿ ಗೊತ್ತು. ಅದರ ಬಗ್ಗೆ ಬರೆದವನೇ ನಾನು."

"ಖಚಿತವೇ?"

"ಖಚಿತ."

ಅವರು ತಲೆಯಾಡಿಸಿ ಕಡತದಲ್ಲಿ ಬರೆದುಕೊಂಡರು. ಮದ್ದು ಕೊಡಲಿಲ್ಲ. ಅವರಿಗೆ ಸಿಕ್ಕಿದ ಮಾಹಿತಿಗೆ ಅದೇ ಸರಿಯಾದ ನಿರ್ಧಾರ. ತಪ್ಪು ಅವರದ್ದಲ್ಲ ಎಂದು ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತೇನೆ.

ಸಿಪಿಆರ್ ತಂದ ಹನೀಫ್ ಸಂಜೆಯವರೆಗೂ ಕೌಂಟರ್, ವಾರ್ಡು ಎಂದು ಓಡಾಡುತ್ತಿದ್ದ. ನಮಗೆ ಮಾತಾಡಲು ಬಿಡುವಾಗಲಿಲ್ಲ. ಆರು ಗಂಟೆಗೆ ಸಂಜೀವಣ್ಣನ ಬಟ್ಟೆ, ಚಪ್ಪಲಿ ತರಲು ಇಬ್ಬರೂ ರೂಮಿಗೆ ಹೋದೆವು. ಒಲೆಯ ಮೇಲೆ ಮಸಾಲೆ ಹಚ್ಚಿಟ್ಟ ಬಂಗುಡೆ ಹಾಗೆಯೇ ಇತ್ತು. ನಾನು ಅಭ್ಯಾಸದಂತೆ ಗೋಡೆ ನೋಡಿದೆ. ಆರು ಹತ್ತು. ಕೈಗಡಿಯಾರ ನೋಡಿದೆ. ಆರು ಹತ್ತು.

"ಇದು ಯಾವಾಗ?" ಎಂದು ಗೋಡೆ ತೋರಿಸಿ ಕೇಳಿದೆ.

"ಅದಾ? ಇವತ್ತು ಬೆಳಿಗ್ಗೆ ಸಾರ್, ಏಳುವಾಗಲೇ. ಮಗಳ ಪಿಯುಸಿ ಪರೀಕ್ಷೆ ನಿನ್ನೆಗೆ ಮುಗೀತಲ್ಲ. ಕುರ್ಚಿ ಹತ್ತಿ ಅವರೇ ಸರಿ ಮಾಡಿದ್ದು. ಇನ್ನು ನಿನಗೆ ಬೇಗ ವಯಸ್ಸಾಗುದಿಲ್ಲ ಮಾರಾಯ, ಪೇಪರಿನವರು ಬಂದಾಗ ನೋಡಿ ಬೆಚ್ಚಿ ಬೀಳ್ಲಿ ಅಂತ ನೆಗಾಡಿದ್ರು." ಅವನು ಬಟ್ಟೆ ಮಡಚುವುದನ್ನು ನಿಲ್ಲಿಸಿದ. "ಯಾಕೆ ಸಾರ್?"

ನಾನು ಕುರ್ಚಿಯ ಮೇಲೆ ಕೂತೆ. ಅವರು ಹತ್ತಿದ್ದ ಕುರ್ಚಿಯೇ ಇರಬೇಕು.

ಗಡಿಯಾರದ ವಿಷಯ ಬಿಡಿ. ಜುಮ್ಮಾ ನಮಾಜಿಗೆ ಹೊರಟವನು ಎಂಟು ಗಂಟೆಗೇ ಯಾಕೆ ರೂಮು ಬಿಡುತ್ತಾನೆ ಎಂದು ತರಬೇತಿಗೆ ಬಂದ ಹೊಸಬನೂ ಕೇಳುತ್ತಿದ್ದ. ನಾನು ಕೇಳಲಿಲ್ಲ. ಹತ್ತೂವರೆಯಿಂದ ಲೆಕ್ಕ ಹಾಕಿದ್ದರೆ, ವೈದ್ಯೆ ನನ್ನನ್ನು ಎರಡನೇ ಸಲ ಕೇಳಿದಾಗ ಇನ್ನೂ ಒಂದೂಮುಕ್ಕಾಲು ಗಂಟೆ ಉಳಿದಿತ್ತು. ಈಗ ಏನೂ ಉಳಿದಿರಲಿಲ್ಲ.

ಮರುದಿನ ವೈದ್ಯೆಯನ್ನು ಕಂಡು ನನ್ನ ತಪ್ಪು ಹೇಳಿದೆ. ಅವರು ಕಡತ ತೆರೆದು ತಾವು ಬರೆದಿದ್ದ ಸಮಯ ನೋಡಿದರು. ಮದ್ದು ಕೊಟ್ಟವರೆಲ್ಲರೂ ಚೇತರಿಸಿಕೊಳ್ಳುವುದಿಲ್ಲ, ಕೊಟ್ಟಿದ್ದರೆ ಹೀಗಾಗುತ್ತಿತ್ತು ಎಂದು ಯಾರೂ ಹೇಳಲಾರರು ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಕಡತದಲ್ಲಿ ಸಮಯವನ್ನು ತಿದ್ದಿದರು. ದನಿಯ ವಿಷಯವನ್ನೂ ಕೇಳಿದೆ. ಸ್ಕ್ಯಾನಿನ ಹೊತ್ತಿಗೆ ರೋಗಿ ಮಾತಾಡಿರಲು ಸಾಧ್ಯವೇ? ಸಾಧ್ಯವಿಲ್ಲ ಎಂದರು. ಅದಕ್ಕೆ ಮೊದಲೂ ಆಮೇಲೂ ತಾವೇ ಪರೀಕ್ಷಿಸಿದ್ದರಂತೆ, ರೋಗಿಗೆ ತನ್ನ ಹೆಸರು ಹೇಳಲೂ ಆಗುತ್ತಿರಲಿಲ್ಲವಂತೆ.

ತಂತ್ರಜ್ಞನನ್ನೂ ಹುಡುಕಿ ಕೇಳಿದೆ. ಯಂತ್ರದ ಸದ್ದು ಕಿರಿಕಿರಿ ಎಂದು ಒಳಗಿನಿಂದ ಬರುವ ದನಿಯನ್ನು ಅವನು ಪೂರ್ತಿ ತಗ್ಗಿಸಿ ಇಟ್ಟಿರುತ್ತಾನಂತೆ, ರೋಗಿಯ ಕೈಗೆ ಕೊಡುವ ಕರೆಗುಂಡಿ ಒತ್ತಿದಾಗ ಮಾತ್ರ ಏರಿಸುತ್ತಾನಂತೆ. ಅಂದೂ ತಗ್ಗಿಸಿಯೇ ಇತ್ತು ಎಂದ. ಆಮೇಲೆ, ನನ್ನ ಮುಖ ನೋಡಿ, "ನಿಮಗೆ ಅವರು ಅಣ್ಣನೇ?" ಎಂದು ಕೇಳಿದ.

ಇದಕ್ಕೆ ಒಂದು ವಿವರಣೆಯನ್ನು ನಾನೇ ಕಟ್ಟಿ ನೋಡಿದ್ದೇನೆ. ಹನೀಫ್ ಗಾಬರಿಯಲ್ಲಿ ಮಾಡಿದ ಆ ಫೋನಿನಲ್ಲಿ, ಅಥವಾ ಬಾಗಿಲಲ್ಲಿ ಓಡುತ್ತಾ, ಗಡಿಯಾರ ಸರಿ ಮಾಡಿದ ಸಂಗತಿಯನ್ನು ಬಾಯಿಬಿಟ್ಟಿರಬಹುದು. ನಾನು ಅದನ್ನು ಕಿವಿಗೆ ಹಾಕಿಕೊಳ್ಳದಿದ್ದರೂ ನನ್ನ ಮನಸ್ಸು ಹಿಡಿದಿಟ್ಟುಕೊಂಡು ಸಂಜೀವಣ್ಣನ ದನಿಯಲ್ಲಿ ನನಗೇ ವಾಪಸು ಹೇಳಿರಬಹುದು. ಹನೀಫನನ್ನು ಕೇಳಿದೆ. "ಇಲ್ಲ ಸಾರ್, ಅಂಥ ಹೊತ್ತಲ್ಲಿ ಅದೆಲ್ಲ ಯಾರು ಹೇಳ್ತಾರೆ?" ಎಂದ. ಅವನಿಗೂ ನೆನಪಿಲ್ಲದೆ ಇರಬಹುದು. ಈ ವಿವರಣೆಯಲ್ಲಿ ವಿಚಿತ್ರ ಏನೂ ಉಳಿಯುವುದಿಲ್ಲ. ಆದರೆ ಇದೇ ನಿಜವಾದರೆ, ಖಚಿತ ಎಂದು ಎರಡನೇ ಸಲ ಹೇಳುವಾಗ ಅದು ಖಚಿತವಲ್ಲ ಎಂದು ನನ್ನೊಳಗೆ ಎಲ್ಲೋ ಗೊತ್ತಿತ್ತು ಎಂದಾಗುತ್ತದೆ. ಕೆಲವು ದಿನ ಇದಕ್ಕಿಂತ ದೆವ್ವವೇ ಮೇಲು ಅನ್ನಿಸುತ್ತದೆ.

ಏಳು ವಾರದ ಬಳಿಕ ಸಂಜೀವಣ್ಣನನ್ನು ಊರಿಗೆ ಕಳಿಸಿದೆವು. ಹನೀಫ್ ರಜೆ ಹಾಕಿ ಜೊತೆಗೆ ಹೊರಟ. ಬಲಗೈ ಬಂದಿರಲಿಲ್ಲ. ಕಾಲು ಎಳೆದು ನಾಲ್ಕು ಹೆಜ್ಜೆ ಇಡುತ್ತಿದ್ದರು. ಮಾತಿನಲ್ಲಿ ಒಂದೇ ಪದ ಮರಳಿತ್ತು: ಸರಿ. ನೀರು ಬೇಕೇ ಎಂದರೆ ಸರಿ, ನೋವಿದೆಯೇ ಎಂದರೆ ಸರಿ, ಸಿಟ್ಟು ಬಂದರೂ ಸರಿ. ಹೀಗೆ ಒಂದೇ ಪದ ಉಳಿಯುವುದು ಇಂಥ ರೋಗಿಗಳಲ್ಲಿ ಇದೆಯಂತೆ. ಅವರ ಹೆಂಡತಿ ನನಗೆ ಫೋನ್ ಮಾಡಿ, "ನೀವು ಅಲ್ಲಿದ್ದದ್ದಕ್ಕೆ ಜೀವ ಉಳೀತು, ನಿಮ್ಮ ಉಪಕಾರ ಮರೆಯುದಿಲ್ಲ" ಎಂದು ಅತ್ತರು. ನಾನು ಅವರಿಗೆ ಏನೂ ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

ವಿಮಾನ ನಿಲ್ದಾಣದಲ್ಲಿ, ಹನೀಫ್ ಬೋರ್ಡಿಂಗ್ ಪಾಸಿನ ಸಾಲಿನಲ್ಲಿದ್ದಾಗ, ನಾನು ಗಾಲಿಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅವರಿಗೆ ಎಲ್ಲವನ್ನೂ ತುಳುವಿನಲ್ಲಿ ಹೇಳಿದೆ. ಎರಡೂವರೆ ಗಂಟೆ ಕಳೆದದ್ದು, ವೈದ್ಯೆ ಕೇಳಿದ್ದು, ನಾನು ಫೋನ್ ಮಾಡದೆ ಇದ್ದದ್ದು. ಯಂತ್ರದೊಳಗಿನಿಂದ ನೀವು ಹೇಳಿದಿರಾ ಎಂದೂ ಕೇಳಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಸಣ್ಣಗೆ ಗಂಟಲು ಸರಿಮಾಡಿಕೊಂಡರು.

"ಸರಿ" ಎಂದರು.

ಯಾವುದಕ್ಕೆ ಹೇಳಿದ ಉತ್ತರ ಅದು ಎಂದು ತಿಳಿಯುವ ದಾರಿ ನನಗಿಲ್ಲ.

ರೂಮಿನ ಗಡಿಯಾರವನ್ನು ಹನೀಫ್ ಮತ್ತೆ ಊರಿನ ಸಮಯಕ್ಕೆ ತಿರುಗಿಸಿದ್ದಾನೆ, ಅವರಿಗೆ ಫೋನ್ ಮಾಡುವ ಹೊತ್ತು ತಪ್ಪದಿರಲಿ ಎಂದು. ಶುಕ್ರವಾರ ನಾನೂ ಅಲ್ಲಿರುತ್ತೇನೆ. ಮಗಳು ಫೋನನ್ನು ಅಪ್ಪನ ಕಿವಿಗೆ ಹಿಡಿಯುತ್ತಾಳೆ. ನಾವು ಏನೇನೋ ಹೇಳುತ್ತೇವೆ, ಅತ್ತಲಿಂದ ಅದೇ ಪದ ಬರುತ್ತದೆ. ಆ ದಿನ ಗಾಜಿನ ಈಚೆ ನಾನು ಕೇಳಿದ್ದು ನಾಲ್ಕು ಪದ. ಅವು ಎಲ್ಲಿಂದ ಬಂದವೋ ನನಗೆ ಗೊತ್ತಿಲ್ಲ. ಅದರಲ್ಲಿ ಮೂರನೆಯದು ಮಾತ್ರ ಈಗ ಅವರ ಬಳಿ ಇದೆ.